ಪತ್ರಿಕೆಯ ಪುಟದಲ್ಲಿ ಹುಟ್ಟಿದ ಕಾವ್ಯ

ಪುಸ್ತಕ ಪ್ರಕಾಶಕರೇ ಇಲ್ಲದ ಊರಿನಲ್ಲಿ ಕವಿ ಓದುಗರನ್ನು ತಲುಪುವುದು ಹೇಗೆ? ಆಸ್ಟ್ರೇಲಿಯಾದ ಸಿಡ್ನಿ ನಗರದ ಆರಂಭದ ದಿನಗಳಲ್ಲಿ ಇದಕ್ಕೆ ಉತ್ತರವಿದೆ.

ಸಿಡ್ನಿ, ಬ್ರಿಟಿಷರು 1788ರಲ್ಲಿ ತಮ್ಮ ದೇಶದ ಕೈದಿಗಳನ್ನು ಹಡಗಿನಲ್ಲಿ ಸಾಗಿಸಿ ತಂದು ಸ್ಥಾಪಿಸಿದ ವಸಾಹತು. ಅಲ್ಲಿನ ಮೊದಲ ಪತ್ರಿಕೆ ‘ಸಿಡ್ನಿ ಗೆಜೆಟ್’ 1803ರ ಮಾರ್ಚ್ 5ರಂದು ಹೊರಬಂದಿತು. ಅದರ ಮುದ್ರಕ ಜಾರ್ಜ್ ಹೌ ಕೈದಿಯಾಗಿ ಬಂದವನು. ಅಚ್ಚುಯಂತ್ರ ಸರ್ಕಾರದ್ದು, ಬರಹಗಳಿಗೆ ಸರ್ಕಾರದ ಒಪ್ಪಿಗೆ ಬೇಕಿತ್ತು. ಆದೇಶಗಳು, ಹಡಗುಗಳ ಸುದ್ದಿ, ಜಾಹೀರಾತುಗಳ ನಡುವೆ ಕವಿತೆಗೂ ಒಂದಿಷ್ಟು ಜಾಗ ಸಿಗುತ್ತಿತ್ತು. ಅಲ್ಲಿ ಮೊದಲ ಕವನ ಪುಸ್ತಕ ಅಚ್ಚಾದದ್ದು 1819ರಲ್ಲಿ. ಅಲ್ಲಿಯವರೆಗೂ ಪತ್ರಿಕೆಯೇ ಕವಿಗಳ ಆಸರೆ.

ಈ ಕವಿಗಳಲ್ಲಿ ಮುಖ್ಯನಾದವನು ಮೈಕೆಲ್ ಮ್ಯಾಸಿ ರಾಬಿನ್ಸನ್. ನಿಂದೆಯ ಪದ್ಯವೊಂದನ್ನು ಪ್ರಕಟಿಸುವುದಾಗಿ ಬೆದರಿಸಿ ಹಣ ಕೀಳಲು ಹೋಗಿ ಶಿಕ್ಷೆಗೊಳಗಾದ ಈತ 1798ರಲ್ಲಿ ಸಿಡ್ನಿಗೆ ಬಂದ. 1810ರಿಂದ ರಾಜ ರಾಣಿಯರ ಹುಟ್ಟುಹಬ್ಬಗಳಿಗೆ ಸ್ತುತಿಗೀತೆ ರಚಿಸಿದ. ಗೆಜೆಟ್ ಅವನ್ನು ಅಚ್ಚುಹಾಕಿತು. ಈ ಸೇವೆಗಾಗಿ ಸರ್ಕಾರಿ ಹಿಂಡಿನಿಂದ ಹಸುಗಳು ಬಹುಮಾನವಾಗಿ ದೊರೆತವು! ಕೈದಿಯನ್ನಾಗಿ ಮಾಡಿದ ಪದ್ಯವೇ ಮುಂದೆ ಆಸ್ಥಾನಕವಿಯ ಗೌರವವನ್ನೂ ತಂದಿತು.

1824ರಲ್ಲಿ ಪರಿಸ್ಥಿತಿ ಬದಲಾಯಿತು. ‘ದಿ ಆಸ್ಟ್ರೇಲಿಯನ್’ ಎಂಬ ಖಾಸಗಿ ಪತ್ರಿಕೆ ಆರಂಭವಾಯಿತು; ಗೆಜೆಟ್ ಮೇಲಿನ ಪೂರ್ವಪರಿಶೀಲನೆಯೂ ನಿಂತಿತು. ಪತ್ರಿಕೆಯ ಕವಿತೆ ಈಗ ಹೊಗಳಿಕೆಯ ಆಚೆಗೂ ಹೋಗಬಹುದಿತ್ತು.

ಎಷ್ಟು ದೂರ ಹೋಗಬಹುದೆಂಬುದು 1838ರಲ್ಲಿ ತಿಳಿಯಿತು. ಆ ಜೂನ್‌ನಲ್ಲಿ ಮಯಾಲ್ ಕ್ರೀಕ್ ಎಂಬಲ್ಲಿ ವಸಾಹತಿನ ಜಾನುವಾರು ಕಾಯುವವರು ಕನಿಷ್ಠ 28 ಮೂಲನಿವಾಸಿಗಳನ್ನು ಕೊಂದರು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಮೊದಲ ವಿಚಾರಣೆಯಲ್ಲಿ ಆರೋಪಿಗಳು ತಪ್ಪಿತಸ್ಥರಲ್ಲವೆಂಬ ತೀರ್ಪು ಬಂತು. ಎರಡನೆಯದರಲ್ಲಿ ಏಳು ಮಂದಿಗೆ ಮರಣದಂಡನೆಯಾಯಿತು. ವಸಾಹತಿನ ಬಹಳಷ್ಟು ಜನ ಕೊಂದವರ ಪರವಾಗಿದ್ದರು. ಇಂಥ ಹೊತ್ತಿನಲ್ಲಿ, ಡಿಸೆಂಬರ್ 13ರಂದು, ಅದೇ ವರ್ಷ ಐರ್ಲೆಂಡಿನಿಂದ ಬಂದಿದ್ದ ಎಲೈಜಾ ಡನ್‌ಲಪ್ ಅವರ ‘ದಿ ಅಬಾರಿಜಿನಲ್ ಮದರ್’ ಕವಿತೆ ‘ದಿ ಆಸ್ಟ್ರೇಲಿಯನ್’ನಲ್ಲಿ ಪ್ರಕಟವಾಯಿತು. ಹತ್ಯೆಯಿಂದ ಪಾರಾದ ತಾಯಿಯೊಬ್ಬಳು ತನ್ನ ಕೂಸಿನೊಡನೆ ಮಾತನಾಡುವಂತೆ ಬರೆದ ಕವಿತೆ ಅದು. ಐದು ದಿನಗಳ ನಂತರ ಏಳು ಮಂದಿಯನ್ನೂ ಗಲ್ಲಿಗೇರಿಸಲಾಯಿತು.

ತೀರ್ಪಿಗೆ ಕಾರಣ ಈ ಕವಿತೆಯಲ್ಲ. ತೀರ್ಪು ಆಗಲೇ ಬಂದಿತ್ತು. ಅದರಲ್ಲಿರುವ ಧ್ವನಿಯೂ ಬಿಳಿಯ ಮಹಿಳೆಯೊಬ್ಬರ ಕಲ್ಪನೆಯದೇ. ಆದರೂ ಸುದ್ದಿಯಲ್ಲಿ ಬರೀ ಸಂಖ್ಯೆಯಾಗಿದ್ದವರನ್ನು ಅದು ತಾಯಿ, ಮಗುವಾಗಿ ಓದುಗರ ಮುಂದೆ ನಿಲ್ಲಿಸಿತು.

ವಿದ್ಯಾರ್ಥಿ ಮಿತ್ರರೇ, ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಯ ಕವಿತೆಯೊಂದು ಕಣ್ಣಿಗೆ ಬಿದ್ದರೆ, ಅದೇ ಪುಟದ ಸುದ್ದಿಗಳನ್ನೂ ಓದಿರಿ. ಕವಿತೆ ಯಾರಿಗೆ ಉತ್ತರ ಕೊಡುತ್ತಿದೆ ಎಂಬುದು ಆಗ ತಿಳಿಯುತ್ತದೆ.