ಕುಲುಕುವ ಕುರ್ಚಿಗೆ ಯಾವ ಮೋಟಾರ್?

ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುವಾಗ ನೀವು ಬ್ರೇಕ್ ಒತ್ತಿದರೆ ಪರದೆಯ ಕಾರು ನಿಲ್ಲುತ್ತದೆ, ಕೂತ ಕುರ್ಚಿಗೆ ಏನೂ ಗೊತ್ತಾಗುವುದಿಲ್ಲ. ಅದೂ ಅಲುಗಾಡಬೇಕು ಅಂತ ನಿಮಗೆ ಆಸೆಯಿದ್ದರೆ ಮುಂದೆ ಓದಿ. ಕುರ್ಚಿಯನ್ನು ಅಲುಗಾಡಿಸುವ ಭಾಗಕ್ಕೆ ಆಕ್ಚುಯೇಟರ್ ಅನ್ನುತ್ತಾರೆ. ದುಡ್ಡೆಲ್ಲ ಹೋಗುವುದು ಅಲ್ಲೇ.

ಮೊದಲು ಒಂದು ಗುಟ್ಟು. ಕುರ್ಚಿ ಎಲ್ಲಿಗೂ ಓಡಬೇಕಿಲ್ಲ, ವಾಲಿದರೆ ಸಾಕು. ಬ್ರೇಕ್ ಹಾಕಿದಾಗ ಅದು 15 ಡಿಗ್ರಿ ಮುಂದಕ್ಕೆ ಬಾಗಿದರೆ ನಿಮ್ಮ ತೂಕದ ಸುಮಾರು ಕಾಲು ಭಾಗದಷ್ಟು ಬಲ ನಿಮ್ಮನ್ನು ಮುಂದಕ್ಕೆ ಎಳೆಯುತ್ತದೆ. ಕಣ್ಣು ಪರದೆಯ ಮೇಲಿರುವುದರಿಂದ ಮೆದುಳು ಮೋಸಹೋಗುತ್ತದೆ. ಹಿಂದೆ-ಮುಂದೆಗೊಂದು, ಎಡ-ಬಲಕ್ಕೊಂದು ಚಲನೆ. ಎರಡು ಮೋಟಾರ್ ಸಾಕು. 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ವಿಮಾನ ಕಲಿಸುವ ಯಂತ್ರ ಮಾಡಿದಾಗ ಬಳಸಿದ್ದು ತಂದೆಯ ಆರ್ಗನ್ ಕಾರ್ಖಾನೆಯ ಗಾಳಿ ತಿದಿಗಳನ್ನು. ಕೈಗೆ ಸಿಕ್ಕಿದ್ದರಲ್ಲೇ ಕೆಲಸ!

ನಾನು ಅಷ್ಟು ಜಾಣನಾಗಲಿಲ್ಲ. ಚಿಕ್ಕ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಉಳಿಸಿದ್ದ ದುಡ್ಡಿನಲ್ಲಿ ಎರಡು ಲೀನಿಯರ್ ಆಕ್ಚುಯೇಟರ್ ಕೊಂಡೆ. ಒರಗುವ ಸೋಫಾಗಳಲ್ಲಿ ಇರುವಂಥವು. ಎಷ್ಟು ಭಾರ ಎತ್ತುತ್ತದೆ ಅಂತ ಮಾತ್ರ ನೋಡಿದ್ದೆ, ವೇಗ ನೋಡಲಿಲ್ಲ. ಸೆಕೆಂಡಿಗೆ 10 ಮಿಲಿಮೀಟರ್! ಕಾರು ತಿರುವು ದಾಟಿ ನೇರ ರಸ್ತೆಗೆ ಬಂದರೂ ನನ್ನ ಕುರ್ಚಿ ಇನ್ನೂ ವಾಲುತ್ತಲೇ ಇತ್ತು. "ಅಜ್ಜಿ ಬಂದಾಗ ಕೂರೋಕೆ ಚೆನ್ನಾಗಿದೆ ಬಿಡೋ" ಅಂದರು ಅಮ್ಮ. ಸಾಲದ್ದಕ್ಕೆ ಅವು ಸ್ವಲ್ಪ ಹೊತ್ತು ಓಡಿ ತುಂಬಾ ಹೊತ್ತು ತಣಿಯಬೇಕಾದ ಮೋಟಾರುಗಳು.

ಆಮೇಲೆ ಅಪ್ಪನ ಜೊತೆ ಹಳೆ ಕಾರುಗಳ ಗುಜರಿಗೆ ಹೋಗಿ ಎರಡು ವೈಪರ್ ಮೋಟಾರ್ ತಂದೆ. 12 ವೋಲ್ಟ್, ಒಳಗೇ ಗೇರ್. ನಿಮಿಷಕ್ಕೆ ಸುಮಾರು 60 ಸುತ್ತು ತಿರುಗುವ ಮೋಟಾರಿಗೆ 5 ಸೆಂಟಿಮೀಟರಿನ ಕೈ ಜೋಡಿಸಿದರೆ ಅರ್ಧ ಸೆಕೆಂಡಿನಲ್ಲಿ 10 ಸೆಂಟಿಮೀಟರ್ ಚಲಿಸುತ್ತದೆ. ಸೋಫಾ ಮೋಟಾರಿಗೆ ಇದಕ್ಕೆ 10 ಸೆಕೆಂಡ್ ಬೇಕಿತ್ತು. ಬಲ ಸಾಲುತ್ತದಾ ಅಂತ ಕೇಳುತ್ತೀರಿ. ಕೂತವರ ತೂಕದ ಮಧ್ಯಕ್ಕೆ ಸರಿಯಾಗಿ ಕೆಳಗೆ ಯೂನಿವರ್ಸಲ್ ಜಾಯಿಂಟ್ ಇಟ್ಟರೆ ಭಾರವನ್ನೆಲ್ಲ ಅದೇ ಹೊರುತ್ತದೆ. ಮೋಟಾರ್ ತಳ್ಳಬೇಕಾದದ್ದು ಆಚೀಚೆ ಆದ ಹೆಚ್ಚುಕಮ್ಮಿಯನ್ನು ಮಾತ್ರ. ಅದು 200 ನ್ಯೂಟನ್ ಅಂದುಕೊಂಡರೆ, 0.05 ಮೀಟರಿನಿಂದ ಗುಣಿಸಿ: 10 ನ್ಯೂಟನ್-ಮೀಟರ್ ತಿರುಚು ಬಲ. ಆಗಾಗ ಕ್ಷಣಕಾಲ ಬೇಕಾಗುವ ಇಷ್ಟನ್ನು ಈ ಮೋಟಾರ್ ತಡೆಯುತ್ತದೆ. ಗೇರ್ ಸ್ವಲ್ಪ ಸಡಿಲ, ದಿಕ್ಕು ಬದಲಾದಾಗಲೆಲ್ಲ ಟಕ್ ಅನ್ನುತ್ತದೆ. ಸರ್ವೋ ಮೋಟಾರ್ ಇದಕ್ಕಿಂತ ಎಷ್ಟೋ ಮೇಲು, ಆದರೆ ಅದರ ಬೆಲೆ ಹೇಳಿದ ಮೇಲೆ ಅಪ್ಪ ಮಾತಾಡಲಿಲ್ಲ.

ವೈಪರ್ ಮೋಟಾರಿನ ನಿಜವಾದ ತೊಂದರೆ ಬೇರೆ. ತನ್ನ ಕೈ ಎಲ್ಲಿದೆ ಅಂತ ಅದಕ್ಕೇ ಗೊತ್ತಿರುವುದಿಲ್ಲ. ಅದಕ್ಕೆ ಅಕ್ಷದ ಮೇಲೆ ಒಂದು ಪೊಟೆನ್ಷಿಯೋಮೀಟರ್ ಕೂರಿಸಬೇಕು. ಅದನ್ನು ಓದಿ ಆರ್ಡುಯಿನೋ 'ಇನ್ನೂ ಸ್ವಲ್ಪ', 'ಸಾಕು' ಅಂತ ಹೇಳುತ್ತದೆ. ಒಂದು ಶನಿವಾರ ತಮ್ಮ ಕುರ್ಚಿಯಲ್ಲಿದ್ದಾಗ ನನ್ನ ಪೊಟೆನ್ಷಿಯೋಮೀಟರಿನ ಚಿಕ್ಕ ತಿರುಪು ಸಡಿಲವಾಯಿತು. ಕೈ ಅಲ್ಲಾಡಿಯೇ ಇಲ್ಲ ಅಂದುಕೊಂಡ ಆರ್ಡುಯಿನೋ ತಿರುಗಿಸುತ್ತಲೇ ಹೋಯಿತು. ಕುರ್ಚಿ ಧಡ್ ಅಂತ ಪಕ್ಕಕ್ಕೆ ಬಿತ್ತು, ಸರಳು ಬಾಗಿತು. ನಾನು ಓಡಿ ಗೋಡೆಯ ಪ್ಲಗ್ ಕೀಳಬೇಕಾಯಿತು. ಅವನಿಗೆ ಪೆಟ್ಟಾಗಲಿಲ್ಲ, ಒಂದು ನಿಮಿಷದ ಹಿಂದೆ ಅವನ ಕೈ ಇದ್ದದ್ದು ಅದೇ ಸರಳಿನ ಹತ್ತಿರ.

ಈಗ ಕೂತವರ ಬಲಗೈ ಪಕ್ಕದಲ್ಲಿ ಕೆಂಪು ಗುಂಡಿಯಿದೆ. ಅದು ಆರ್ಡುಯಿನೋಗೆ ಹೇಳುವುದಿಲ್ಲ, ನೇರವಾಗಿ ಮೋಟಾರಿನ ಕರೆಂಟನ್ನೇ ಕಡಿಯುತ್ತದೆ. ಎರಡೂ ತುದಿಗೆ ಲಿಮಿಟ್ ಸ್ವಿಚ್, ಪ್ರತಿ ಮೋಟಾರಿಗೆ ಫ್ಯೂಸ್, ಸರಳುಗಳಿಗೆ ಮುಚ್ಚಳ. ನೀವು ಮಾಡುವುದಾದರೆ ಇವನ್ನು ಮೊದಲೇ ಹಾಕಿ, ಅಪ್ಪ ಅಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಕರೆಂಟ್ ಕೊಡಿ.

ತಮ್ಮ ಇನ್ನೂ ಆ ಕುರ್ಚಿ ಹತ್ತಿಲ್ಲ. ಗುಂಡಿ ಒತ್ತಿ ನೋಡಲು ಮಾತ್ರ ದಿನಾ ಬರುತ್ತಾನೆ.