ಛೀ ಅನ್ನಬಾರದವ್ವ

ಬೀದರಿನ ಚೌಬಾರಾದಿಂದ ಮಹಮೂದ್ ಗಾವಾನ್ ಮದರಸಾ ಕಡೆ ನಡೆಯುತ್ತಿದ್ದರೆ ಕನ್ನಡ, ಉರ್ದು, ಮರಾಠಿ ಮೂರೂ ಕಿವಿಗೆ ಬೀಳುತ್ತವೆ. 1472ರಲ್ಲಿ ಕಟ್ಟಿದ ಈ ವಿದ್ಯಾಲಯದ ಆಸುಪಾಸಿನ ಗಲ್ಲಿಯೊಂದರ ಅಂಗನವಾಡಿಗೆ ಬೆಳಿಗ್ಗೆ ಹೋದೆ. ಬಾಗಿಲಲ್ಲೇ ಒಬ್ಬ ಹುಡುಗ ಅಜ್ಜಿಯ ಬುರ್ಖಾ ಹಿಡಿದುಕೊಂಡು ಅಳುತ್ತಿದ್ದ. ಟೀಚರ್ ಅವನನ್ನು ಎಳೆಯಲಿಲ್ಲ, ಗುಮ್ಮನನ್ನೂ ಕರೆಯಲಿಲ್ಲ. ಅಳುವಾಗ ಮನೆಯಲ್ಲಿ ಏನು ಮಾಡುತ್ತೀರಿ ಎಂದು ಅಜ್ಜಿಯನ್ನು ಕೇಳಿದರು. ಮೊನ್ನೆಯಷ್ಟೇ ಇವನ ಬಿಸ್ಮಿಲ್ಲಾ ಆಗಿದೆ ಎಂದರು ಅಜ್ಜಿ. ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ಮಗುವಿಗೆ ಮೊದಲ ಅಕ್ಷರ ಹೇಳಿಕೊಡುವ ಶಾಸ್ತ್ರ ಅದು. ಟೀಚರ್ ಪಾಟಿ ಕೊಟ್ಟು, "ಅವತ್ತು ಏನ್ ಬರೆದಿ, ತೋರ್ಸಪ್ಪ" ಅಂದರು. ಮೂಗು ಒರೆಸಿಕೊಂಡು ಬಂದು ಕೂತ. ಒಂದು ನೆಟ್ಟಗಿನ ಗೆರೆ ಎಳೆದ. ಅಲಿಫ್!

ಇದೇ ಜಿಲ್ಲೆಯ ಭಾಲ್ಕಿ ಎಂದರೆ ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಚನ್ನಬಸವ ಪಟ್ಟದ್ದೇವರ ಊರು. ಮನೆಯ ನುಡಿಯನ್ನು ಕಾಪಾಡುವ ಕಷ್ಟ ಈ ಊರಿಗೆ ಗೊತ್ತು. ಅಲ್ಲಿನ ಸರ್ಕಾರಿ ಶಾಲೆಯೊಂದರಲ್ಲಿ ಬಿಸಿಯೂಟದ ಹೊತ್ತು. 2021ರ ಡಿಸೆಂಬರಿನಲ್ಲಿ ಬೀದರ್ ಸೇರಿ ಏಳು ಜಿಲ್ಲೆಗಳಲ್ಲಿ ಮೊಟ್ಟೆ ಶುರುವಾದಾಗ ಎದ್ದ ವಿರೋಧ ನೆನಪಿರಬಹುದು. ತಿನ್ನದವರಿಗೆ ಬಾಳೆಹಣ್ಣು ಎಂದಾಯಿತು. ಒಂದನೇ ತರಗತಿಯ ಹುಡುಗಿ, ಕೊರಳಲ್ಲಿ ಲಿಂಗದ ಕರಡಿಗೆ, ಪಕ್ಕದವಳ ತಾಟು ನೋಡಿ ಮೂಗು ಮುಚ್ಚಿ "ಛೀ" ಅಂದಳು. ಪಕ್ಕದವಳು ಅರ್ಧ ಮೊಟ್ಟೆಯನ್ನು ಅನ್ನದಡಿ ಬಚ್ಚಿಟ್ಟಳು. ಆ ಪುಟ್ಟ ಕೈ ಅನ್ನ ಎಳೆದು ಮುಚ್ಚಿದ್ದು ಇನ್ನೂ ನನ್ನ ಕಣ್ಣಲ್ಲಿದೆ.

ಅಕ್ಕೋರು ಬಂದು ಇಬ್ಬರ ನಡುವೆ ನೆಲಕ್ಕೇ ಕೂತರು. "ನಿಮ್ಮನ್ಯಾಗ ತಿನ್ನಲ್ಲ, ನೀ ತಿನಬ್ಯಾಡ. ಆದ್ರ ಅಕಿ ತಾಟಿಗೆ ಛೀ ಅನ್ನಬಾರದವ್ವ. ಅದು ಅಕಿ ಊಟ." ಇನ್ನೊಬ್ಬಳಿಗೆ, "ನೀ ಉಣ್ಣು ತಾಯಿ." ಇಬ್ಬರನ್ನೂ ಬೇರೆ ಬೇರೆ ಸಾಲಿಗೆ ಕಳಿಸಲಿಲ್ಲ. ಕಳಿಸಿದ್ದರೆ ಸುಲಭವಾಗುತ್ತಿತ್ತು, ಆದರೆ ಬಸವಕಲ್ಯಾಣ ಇರುವ ಜಿಲ್ಲೆಯಲ್ಲಿ ಪಂಕ್ತಿಭೇದವನ್ನು ಆರು ವರ್ಷಕ್ಕೇ ಕಲಿಸಿದಂತಾಗುತ್ತಿತ್ತು. ಮನೆಯ ನಂಬಿಕೆಯೂ ಉಳಿಯಿತು, ಗೆಳತಿಯ ಮಾನವೂ ಉಳಿಯಿತು. ನಡತೆ ತಿದ್ದುವುದೆಂದರೆ ಇಷ್ಟೇ ಅಲ್ಲವೇ?

ಔರಾದ್ ಮಹಾರಾಷ್ಟ್ರದ ಅಂಚು. ಅಲ್ಲಿನ ತಾಂಡಾವೊಂದರ ಅಂಗನವಾಡಿಯಲ್ಲಿ ಲಂಬಾಣಿ ಮಕ್ಕಳು ತಾಯಿಯನ್ನು ಯಾಡಿ ಎನ್ನುತ್ತವೆ, ಟೀಚರನ್ನು ಬಾಯಿ ಎನ್ನುತ್ತವೆ. ದುಡಿಯಲು ದೂರ ಹೋದ ಮಗ-ಸೊಸೆಯ ಕೂಸನ್ನು ಸಾಕುತ್ತಿರುವ ಅಜ್ಜನೊಬ್ಬ, "ಮಾತು ಕೇಳಲ್ಲ ಬಾಯಿ, ನಾಕು ಬಿಗೀರಿ" ಎಂದ. ಕೇಡು ಬಯಸಿ ಆಡಿದ ಮಾತಲ್ಲ. ಅವನು ಬೆಳೆದದ್ದೇ ಹಾಗೆ. ಆದರೂ ಬೆತ್ತದ ವಿಷಯದಲ್ಲಿ ನಂಬಿಕೆಯ ನೆಪ ಸಲ್ಲದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅದು 6ರಿಂದ 14ರವರ ಕಾಯ್ದೆ. ಆದರೆ ಅಂಗನವಾಡಿಯ ಮೂರು ವರ್ಷದ ಕೂಸಿನ ಬೆನ್ನು ಇನ್ನೂ ಎಳೆಯದು. "ಹೊಡೆಯೋದಿಲ್ರೀ ಕಾಕಾ, ಒಂದು ತಾಸು ನೀವೇ ಇಲ್ಲಿ ಕೂಡ್ರಿ" ಎಂದರು ಬಾಯಿ. ಅಜ್ಜ ರುಮಾಲು ಬಿಚ್ಚಿ ಕಟ್ಟೆಯ ಮೇಲೆ ಕೂತ. ಮೊಮ್ಮಗ ಆಡುತ್ತಾಡುತ್ತ ಆಗಾಗ ತಿರುಗಿ ನೋಡುತ್ತಿದ್ದ.

ಮಗುವನ್ನು ಅಂಗನವಾಡಿಗೆ ಬಿಡುವ ತಾಯಿ-ತಂದೆಯರೇ, ನಾಳೆ ಬಾಗಿಲಲ್ಲೇ ಕೈಬಿಟ್ಟು ಓಡಬೇಡಿ. ಅತ್ತಾಗ ಏನು ಹೇಳಿ ಸಮಾಧಾನ ಮಾಡುತ್ತೀರಿ, ಏನು ಉಣಿಸುತ್ತೀರಿ, ಏನೆಂದು ಕರೆಯುತ್ತೀರಿ, ಅದನ್ನು ಟೀಚರಿಗೆ ತಿಳಿಸಿ ಹೋಗಿ.