ಪುರಿಯ ಮುತ್ತಿಗೆ ಮತ್ತು ಮನಿಲಾ ಕೊಲ್ಲಿ: ಸಾಗರೋತ್ತರ ವಿಸ್ತರಣೆಯ ಕುರಿತು ಒಂದು ಟಿಪ್ಪಣಿ

ಮುಂಬಯಿಯ ಉಪನಗರವಾದ ಜೋಗೇಶ್ವರಿಯ ಶೈವ ಗುಹಾಲಯವನ್ನು ಶಿಲ್ಪಕಲೆಯ ಇತಿಹಾಸದಲ್ಲಿ ಮಾತ್ರ ಪ್ರಸ್ತಾಪಿಸುವುದು ವಾಡಿಕೆ. ಕ್ರಿ.ಶ. 6ನೆಯ ಶತಮಾನದ ಪೂರ್ವಾರ್ಧಕ್ಕೆ ಸೇರಿದ ಇದು ಘಾರಾಪುರಿಯ ಮುಖ್ಯ ಗುಹೆಗಿಂತ ತುಸು ಹಿಂದಿನದೆಂದು ವಾಲ್ಟರ್ ಸ್ಪಿಂಕ್ ಅಭಿಪ್ರಾಯಪಟ್ಟಿದ್ದಾರೆ. ಮಾಡಿಸಿದವರು ಕಳಚುರಿಗಳೋ ಕೊಂಕಣದ ಮೌರ್ಯರೋ ಎಂಬ ಚರ್ಚೆ ಮುಗಿದಿಲ್ಲ. ಕನ್ನಡ ಅಧ್ಯಯನಕಾರರಾದ ನಮಗೆ ಈ ಸ್ಥಳ ಮುಖ್ಯವಾಗುವುದು ಬೇರೊಂದು ಕಾರಣಕ್ಕೆ. ಗುಹೆ ರಚಿತವಾದ ಒಂದು ಶತಮಾನದೊಳಗೆ ಈ ಕರಾವಳಿ ಬಾದಾಮಿಯ ಚಾಲುಕ್ಯರ ವಶವಾಯಿತು, ಅದೂ ನೌಕಾಬಲದಿಂದ.

ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ಕವಿ ರವಿಕೀರ್ತಿ, ಇಮ್ಮಡಿ ಪುಲಕೇಶಿಯು ಕೊಂಕಣದ ಮೌರ್ಯರನ್ನು ಅಡಗಿಸಿ, ನೂರಾರು ಹಡಗುಗಳಿಂದ ಪುರಿಯನ್ನು ಮುತ್ತಿದುದನ್ನು ವರ್ಣಿಸಿದ್ದಾನೆ. ಪುರಿ ಎಂದರೆ ಘಾರಾಪುರಿಯೆಂದು ಕೆಲವರು, ಜಂಜೀರದ ಬಳಿಯ ರಾಜಪುರಿಯೆಂದು ಕೆಲವರು. ಅದು ಹೇಗೇ ಇರಲಿ, ಕವಿಯು ಆ ಪಟ್ಟಣವನ್ನು ಪಶ್ಚಿಮ ಸಮುದ್ರದ ಸಂಪತ್ತಿನೊಡನೆ ಸಮೀಕರಿಸಿರುವುದು ಗಮನಾರ್ಹ. ದಂಡಯಾತ್ರೆಯ ಉದ್ದೇಶ ಅವನಿಗೆ ತಿಳಿಯದುದಲ್ಲ. ಆದರೆ ಬಂದರು, ಸುಂಕ, ವರ್ತಕ ಎಂಬ ಮಾತುಗಳು ಆ ಪ್ರಶಸ್ತಿಕಾವ್ಯದಲ್ಲಿ ಬರುವುದಿಲ್ಲ. ಬರುವುದು ಕೀರ್ತಿ ಮಾತ್ರ.

ಈ ಮೌನವನ್ನು ಅರ್ಥಮಾಡಿಕೊಳ್ಳಲು, ದಾಖಲೆಗಳು ಹೇರಳವಾಗಿರುವ ಇನ್ನೊಂದು ನಿದರ್ಶನ ನೆರವಾಗುತ್ತದೆ. 1893ರ ಆರ್ಥಿಕ ಕುಸಿತದ ಅನಂತರ ಅಮೆರಿಕದ ಉದ್ಯಮಿಗಳು ತಮ್ಮ ಸರಕಿಗೆ ಹೊರನಾಡಿನ ಮಾರುಕಟ್ಟೆಯನ್ನು, ವಿಶೇಷವಾಗಿ ಚೀನವನ್ನು, ಬಯಸಿದರು. ಸಮುದ್ರಬಲವೇ ರಾಷ್ಟ್ರದ ಬಲವೆಂದು ನೌಕಾಧಿಕಾರಿ ಮಹಾನ್ 1890ರಲ್ಲಿಯೇ ಗ್ರಂಥ ಬರೆದಿದ್ದನು. ಹಬೆಹಡಗುಗಳಿಗೆ ದಾರಿಯುದ್ದಕ್ಕೂ ಕಲ್ಲಿದ್ದಲಿನ ತಂಗುದಾಣಗಳು ಬೇಕಿದ್ದವು. 1898ರಲ್ಲಿ ಕ್ಯೂಬಾದ ವಿಮೋಚನೆಯ ಹೆಸರಿನಲ್ಲಿ ಸ್ಪೇನಿನೊಡನೆ ಯುದ್ಧ ಆರಂಭವಾಯಿತು. ಮೇ 1ರಂದು ಮನಿಲಾ ಕೊಲ್ಲಿಯಲ್ಲಿ ಸ್ಪೇನಿನ ನೌಕಾಪಡೆ ನಾಶವಾಯಿತು. ಅದೇ ವರ್ಷ ಹವಾಯಿ ಅಮೆರಿಕದ ಪಾಲಾಯಿತು. ಡಿಸೆಂಬರಿನ ಪ್ಯಾರಿಸ್ ಒಪ್ಪಂದದಂತೆ ಎರಡು ಕೋಟಿ ಡಾಲರಿಗೆ ಫಿಲಿಪೈನ್ಸ್ ಕೈಬದಲಾಯಿತು. ಜೂನ್ 12ರಂದೇ ಸ್ವಾತಂತ್ರ್ಯ ಘೋಷಿಸಿಕೊಂಡಿದ್ದ ಫಿಲಿಪಿನೋ ಜನರಿಗೆ ಆ ಮಾತುಕತೆಯಲ್ಲಿ ಸ್ಥಾನವಿರಲಿಲ್ಲ.

ಇಲ್ಲಿಯೂ ಕವಿಯೊಬ್ಬನು ಒದಗಿದನು. 1899ರಲ್ಲಿ ಅಮೆರಿಕವನ್ನು ಈ ಕಾರ್ಯಕ್ಕೆ ಹುರಿದುಂಬಿಸುತ್ತ 'ಬಿಳಿಯನ ಹೊರೆ' ಎಂಬ ಪದ್ಯ ಬರೆದ ಕಿಪ್ಲಿಂಗ್ ಹುಟ್ಟಿದ್ದು 1865ರಲ್ಲಿ, ಇದೇ ಮುಂಬಯಿಯಲ್ಲಿ. ರವಿಕೀರ್ತಿ ವ್ಯಾಪಾರವನ್ನು ಕೀರ್ತಿಯಾಗಿಸಿದರೆ ಕಿಪ್ಲಿಂಗ್ ಅದನ್ನು ಕರ್ತವ್ಯವಾಗಿಸಿದನು. ಎರಡನೆಯದೇ ಹೆಚ್ಚು ಅಪಾಯಕಾರಿ ಎಂದು ನಮ್ಮ ಭಾವನೆ. ಕೀರ್ತಿಗಾಗಿ ಗೆದ್ದವನು ಸೋತವನ ಪರಾಕ್ರಮವನ್ನಾದರೂ ಒಪ್ಪುತ್ತಾನೆ. ಕರ್ತವ್ಯವೆಂದು ಗೆದ್ದವನು ಸೋತವನನ್ನು ಮಗುವೆಂದೇ ಎಣಿಸುತ್ತಾನೆ.

ಪರಿಣಾಮ ಘೋರವಾಗಿತ್ತು. 1899ರಿಂದ 1902ರವರೆಗಿನ ಯುದ್ಧದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರೂ ಸುಮಾರು ಇಪ್ಪತ್ತು ಸಾವಿರ ಫಿಲಿಪಿನೋ ಯೋಧರೂ ಸತ್ತರು; ಹಿಂಸೆ, ಹಸಿವು, ರೋಗಗಳಿಂದ ಮಡಿದ ನಾಗರಿಕರು ಎರಡು ಲಕ್ಷದವರೆಗೆ ಇದ್ದಿರಬಹುದೆಂಬ ಅಂದಾಜಿದೆ. ಫಿಲಿಪೈನ್ಸ್ ಸ್ವತಂತ್ರವಾದುದು 1946ರಲ್ಲಿ. ಅಮೆರಿಕದೊಳಗೂ ಮಾರ್ಕ್ ಟ್ವೈನ್‌ನಂಥವರು ಇದನ್ನು ಪ್ರತಿಭಟಿಸಿದರೆಂಬುದನ್ನು ಮರೆಯಲಾಗದು.

ಚಾಲುಕ್ಯರನ್ನೂ ಅಮೆರಿಕವನ್ನೂ ಒಂದೇ ಎನ್ನುವುದು ಕಾಲವಿಪರ್ಯಾಸವಾದೀತು. ಚಾಲುಕ್ಯರಲ್ಲಿ ಜನಾಂಗಶ್ರೇಷ್ಠತೆಯ ಸಿದ್ಧಾಂತವಿರಲಿಲ್ಲ, ಕಾರ್ಖಾನೆಯ ಸರಕೂ ಇರಲಿಲ್ಲ. ಆದರೆ ಮನಿಲಾ ಎಂದಾಗ ಆಕ್ರಮಣವನ್ನು ಕಾಣುವ ನಾವು ಪುರಿ ಎಂದಾಗ ಅಭಿಮಾನವನ್ನು ಮಾತ್ರ ಕಾಣುತ್ತೇವೆ. ನಮ್ಮ ಪಠ್ಯಪುಸ್ತಕಗಳಂತೂ ಇದರಲ್ಲಿ ಬಹಳ ಉದಾರ. 642ರ ಸುಮಾರಿಗೆ ಪಲ್ಲವ ನರಸಿಂಹವರ್ಮನು ಬಾದಾಮಿಯನ್ನು ಗೆದ್ದು ಅಲ್ಲಿಯ ಬಂಡೆಯ ಮೇಲೆ ಬರೆಸಿದ ಶಾಸನವನ್ನು ನಾವಾರೂ ಹೆಮ್ಮೆಯಿಂದ ಓದುವುದಿಲ್ಲ. ಪುರಿಯವರಿಗೆ ಐಹೊಳೆಯ ಶಾಸನವೂ ಹಾಗೆಯೇ ತೋರಿರಬೇಕು.

ಗೆದ್ದ ಕರಾವಳಿಯ ಮುಂದಿನ ಸ್ಥಿತಿಯನ್ನು ತಿಳಿಯಲು ನಾಸಿಕದ ಬಳಿಯ ಅಂಜನೇರಿಯ ತಾಮ್ರಪಟಗಳನ್ನು ನೋಡಬೇಕು. 8ನೆಯ ಶತಮಾನದ ಆರಂಭದಲ್ಲಿ ಚಾಲುಕ್ಯರ ಸಾಮಂತನಾಗಿ ಪುರಿ-ಕೊಂಕಣವನ್ನು ಆಳುತ್ತಿದ್ದ ಭೋಗಶಕ್ತಿಯ ದಾನಪಟಗಳಿವು. ಹಿಂದೆ ಹಾಳುಬಿದ್ದಿದ್ದ ಸಮಗಿರಿ ಪಟ್ಟಣವನ್ನು ಪುನಃ ನೆಲೆಗೊಳಿಸಿದ ಸಂಗತಿ ಇವುಗಳಲ್ಲಿದೆ. ಹಾಳಾದುದು ಯಾರಿಂದ ಎಂಬುದನ್ನು ಪಟ ಹೇಳುವುದಿಲ್ಲ; ಅಲ್ಲಿಯ ವರ್ತಕರಿಗೆ ಸುಂಕವಿಲ್ಲ, ಮಕ್ಕಳಿಲ್ಲದೆ ಸತ್ತವರ ಸ್ವತ್ತನ್ನು ಅರಮನೆ ವಶಪಡಿಸಿಕೊಳ್ಳುವಂತಿಲ್ಲ ಎಂಬುದನ್ನು ಮಾತ್ರ ಸ್ಪಷ್ಟವಾಗಿ ಹೇಳುತ್ತದೆ.